ಸರ್ವರ್ ಡೌನ್: ಒಂದು ತಂತಿಯ ಚರಿತ್ರೆ

“ಸರ್ವರ್ ಡೌನ್” ಎಂಬ ಮಾತನ್ನು ಕೇಳದ ಗೃಹಸ್ಥರು ಈಗ ನಮ್ಮ ಊರುಗಳಲ್ಲಿ ಸಿಕ್ಕುವುದು ಕಷ್ಟ. ಬ್ಯಾಂಕಿನ ಕೌಂಟರಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ನೋಂದಣಿ ಕಚೇರಿಯ ಬೆಂಚಿನ ಮೇಲೆ, ಅಂಚೆ ಕಚೇರಿಯ ಕಿಟಕಿಯಲ್ಲಿ, ಎಲ್ಲಿ ಹೋದರೂ ಒಂದಲ್ಲ ಒಂದು ದಿನ ಈ ಮಾತು ನಮಗಾಗಿ ಕಾದಿರುತ್ತದೆ. ಹಿಂದಿನ ಕಾಲದಲ್ಲಿ “ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ” ಎಂಬ ಮಾತಿಗೆ ಯಾವ ಸ್ಥಾನವಿದ್ದಿತೋ ಈಗ ಇದಕ್ಕೆ ಅದೇ ಸ್ಥಾನ. ಎರಡಕ್ಕೂ ಎದುರುಮಾತಿಲ್ಲ. ಕೇಳಿದವರು ಛತ್ರಿ ಎತ್ತಿಕೊಂಡು ಮನೆಯ ಹಾದಿ ಹಿಡಿಯಬೇಕು, ಅಷ್ಟೆ.

ಕಳೆದ ನವೆಂಬರಿನಲ್ಲಿ ನನಗೂ ಈ ಪ್ರಸಾದ ದೊರೆಯಿತು. ಊರಿನ ಒಂದು ಕಚೇರಿ. ಹೆಸರು ಬೇಡ, ಈ ವಿಷಯದಲ್ಲಿ ಎಲ್ಲ ಕಚೇರಿಗಳೂ ಅಣ್ಣತಮ್ಮಂದಿರೇ. ಸರದಿಯಲ್ಲಿ ನನ್ನ ಮುಂದೆ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ನಿಂತಿದ್ದರು. ಪಿಂಚಣಿ ಪಡೆಯತಕ್ಕವರು ವರ್ಷಕ್ಕೊಮ್ಮೆ ತಾವು ಜೀವಂತವಾಗಿರುವುದನ್ನು ಸರ್ಕಾರಕ್ಕೆ ತಿಳಿಸಬೇಕಷ್ಟೆ. ಹಿಂದೆ ಅದಕ್ಕೆ ಅಧಿಕಾರಿಯೊಬ್ಬರ ರುಜು ಸಾಕಾಗುತ್ತಿದ್ದಿತು. 2014ರಿಂದ ಈಚೆಗೆ ಬೆರಳನ್ನು ಒಂದು ಯಂತ್ರದ ಮೇಲೆ ಒತ್ತಿ ತಿಳಿಸುವ ಏರ್ಪಾಡೂ ಬಂದಿದೆ. ಅಜ್ಜಿ ಬೆರಳೊತ್ತಿದರು. ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗಿತು, ತಿರುಗುತ್ತಲೇ ಇದ್ದಿತು. “ಸರ್ವರ್ ಡೌನ್ ಅಜ್ಜಿ, ನಾಳೆ ಬನ್ನಿ” ಎಂದರು ಗುಮಾಸ್ತರು.

“ನಿನ್ನೇನೂ ಹಿಂಗೇ ಅಂದ್ಯಲ್ಲಪ್ಪ. ನಾನು ಬದುಕಿದ್ದೀನಿ ಅಂತ ಹೇಳೋಕೆ ಎಷ್ಟು ದಿನ ಬರ್ಬೇಕು?”

ಸರದಿಯಲ್ಲಿದ್ದವರೆಲ್ಲ ನಕ್ಕರು, ಗುಮಾಸ್ತರೂ ನಕ್ಕರು. ಅಜ್ಜಿ ನಗಲಿಲ್ಲ. ಹೋಗಿಬರುವ ಆಟೋ ಬಾಡಿಗೆ ಅವರ ಸೆರಗಿನ ಗಂಟಿನಿಂದಲೇ ಬರಬೇಕಾಗಿತ್ತು.

ಮರುದಿನ ನಾನು ಹೋದಾಗ ರಿಪೇರಿಗೆಂದು ಒಬ್ಬ ಹುಡುಗ ಬಂದಿದ್ದ. ಒಳಕೋಣೆಯ ಕಪಾಟಿನಲ್ಲಿ ಕಚೇರಿಯ ಸರ್ವರ್ ಇದ್ದಿತು. ಹೊರಗಿನ ಕಂಪ್ಯೂಟರುಗಳೆಲ್ಲ ಲೋಕದೊಡನೆ ಮಾತಾಡುವುದು ಅದರ ಮೂಲಕವೇ. ಹುಡುಗ ಆ ಸರ್ವರನ್ನು ಮುಟ್ಟಲೇ ಇಲ್ಲ. ಅದರಿಂದ ಗೋಡೆಯ ಮೇಲಿನ ಸ್ವಿಚ್ ಪೆಟ್ಟಿಗೆಗೆ ಹೋಗುವ ನೀಲಿ ತಂತಿಯನ್ನು ಬೆರಳಲ್ಲಿ ಹಿಡಿದು ಮೆಲ್ಲನೆ ಅಲುಗಿಸಿದ. ತಂತಿಯ ತುದಿಯ ಪ್ಲಗ್ಗಿನಲ್ಲಿ, ಅದನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ಕಿನ ಪುಟ್ಟ ನಾಲಗೆ ಮುರಿದುಹೋಗಿತ್ತು. ಕಪಾಟಿನ ಬಾಗಿಲು ಹಾಕಿದಾಗಲೆಲ್ಲ ಪ್ಲಗ್ಗು ಕೂದಲೆಳೆಯಷ್ಟು ಹಿಂದೆ ಸರಿಯುತ್ತಿದ್ದಿತು. ತೆಗೆದಾಗ ಮತ್ತೆ ಸರಿಹೋಗುತ್ತಿದ್ದಿತು. ಸರ್ವರ್ ಒಂದು ಗಳಿಗೆಯೂ ‘ಡೌನ್’ ಆಗಿರಲಿಲ್ಲ. ಅದು ಪಾಪ ತನ್ನ ಪಾಡಿಗೆ ತಾನು ಎಚ್ಚರವಾಗಿಯೇ ಕುಳಿತಿದ್ದಿತು, ಕೂಗಿದ್ದು ಅದಕ್ಕೆ ಕೇಳಿಸುತ್ತಿರಲಿಲ್ಲ.

ಪೂರ್ತಿ ಕೆಟ್ಟುಹೋದದ್ದನ್ನು ಕಂಡುಹಿಡಿಯುವುದು ಸುಲಭ. ಒಮ್ಮೆ ಇದ್ದು ಒಮ್ಮೆ ಇಲ್ಲದಿರುವ ದೋಷವನ್ನು ಹಿಡಿಯುವುದೇ ಕಷ್ಟ. ಕಂಪ್ಯೂಟರುಗಳ ನಡುವಣ ತಂತಿಯಲ್ಲಿ ಇಂಥ ಕಳ್ಳದೋಷವನ್ನು ಹಿಡಿಯುವ ವಿದ್ಯೆಗೆ ಸುಮಾರು ಐವತ್ತು ವರ್ಷಗಳ ಚರಿತ್ರೆಯಿದೆ. ಯುದ್ಧಗಳ ಚರಿತ್ರೆಯಂತೆ ಅದು ಪಠ್ಯಪುಸ್ತಕಗಳಲ್ಲಿ ಸೇರಿಲ್ಲ. ಆದರೆ ಅಜ್ಜಿಯ ಪಿಂಚಣಿ ಇಂದು ನಿಂತಿರುವುದು ಆ ವಿದ್ಯೆಯ ಮೇಲೆಯೇ ಆದ್ದರಿಂದ ಅದನ್ನು ಸ್ವಲ್ಪ ಅರಿತುಕೊಳ್ಳುವುದು ನಮಗೂ ಒಳ್ಳೆಯದು.

ಆಕಾಶದ ಹೆಸರಿನ ತಂತಿ

ಕಥೆಯ ಮೊದಲು ತಂತಿಯೇ ಇರಲಿಲ್ಲ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ವಿಶ್ವವಿದ್ಯಾನಿಲಯದ ದೊಡ್ಡ ಕಂಪ್ಯೂಟರು ಒಆಹು ಎಂಬ ದ್ವೀಪದಲ್ಲಿದ್ದಿತು. ಅದನ್ನು ಬಳಸಬೇಕಾದವರು ಬೇರೆ ಬೇರೆ ದ್ವೀಪಗಳಲ್ಲಿದ್ದರು. ನಾರ್ಮನ್ ಅಬ್ರಾಮ್‌ಸನ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ರೇಡಿಯೋ ಮೂಲಕ ಇವುಗಳನ್ನು ಜೋಡಿಸಲು ಹೊರಟು, 1971ರಲ್ಲಿ ‘ಅಲೋಹಾ’ ಜಾಲವನ್ನು ನಡೆಯಿಸಿ ತೋರಿಸಿದರು. ಎಲ್ಲರಿಗೂ ಮಾತಾಡಲು ಇದ್ದದ್ದು ಒಂದೇ ತರಂಗ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಕಲಸಿಹೋಗುತ್ತಿದ್ದಿತು. ಇದಕ್ಕೆ ಅಬ್ರಾಮ್‌ಸನ್ ಮಾಡಿದ ಉಪಾಯ ಬಹಳ ಸರಳ. ಹೇಳಬೇಕಾದದ್ದನ್ನು ಹೇಳಿಬಿಡು, ‘ತಲುಪಿತು’ ಎಂಬ ಉತ್ತರ ಬಾರದಿದ್ದರೆ, ಮನಸ್ಸಿಗೆ ತೋಚಿದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಹೇಳು. ಎಲ್ಲರೂ ಒಂದೇ ಅಳತೆಯ ಹೊತ್ತು ಕಾದರೆ ಮತ್ತೆ ಒಟ್ಟಿಗೇ ಮಾತಾಡುವ ಅಪಾಯವಿರುವುದರಿಂದ, ಕಾಯುವ ಕಾಲ ಒಬ್ಬೊಬ್ಬರಿಗೆ ಒಂದೊಂದು ತೆರನಾಗಿರಬೇಕು.

ಈ ಏರ್ಪಾಡಿನಲ್ಲಿ ತರಂಗದ ಶಕ್ತಿಯಲ್ಲಿ ನೂರಕ್ಕೆ ಹೆಚ್ಚೆಂದರೆ 18ರಷ್ಟು ಮಾತ್ರ ಉಪಯೋಗಕ್ಕೆ ಬರುವುದೆಂದು ಗಣಿತ ಹೇಳಿತು. ಮಿಕ್ಕದ್ದು ವ್ಯರ್ಥ. ಆದರೂ ಇದರಲ್ಲಿ ಒಂದು ಹೊಸ ವಿವೇಕವಿದ್ದಿತು. ಮಾತು ತಲುಪದೆಯೂ ಹೋಗಬಹುದೆಂಬುದನ್ನು ಮೊದಲೇ ಒಪ್ಪಿಕೊಂಡು, ಆ ಒಪ್ಪಿಗೆಯ ಮೇಲೆಯೇ ಕಟ್ಟಿದ ವ್ಯವಸ್ಥೆ ಇದು.

ಎರಡು ವರ್ಷಗಳ ತರುವಾಯ ಅಮೆರಿಕದ ಪಾಲೊ ಆಲ್ಟೊ ಊರಿನಲ್ಲಿದ್ದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ತರುಣನಿಗೆ ಇಂಥದೇ ಒಂದು ಸಮಸ್ಯೆ ಎದುರಾಯಿತು. ಅಲ್ಲಿ ಒಬ್ಬೊಬ್ಬರ ಮೇಜಿಗೆ ಒಂದೊಂದರಂತೆ ‘ಆಲ್ಟೊ’ ಎಂಬ ಕಂಪ್ಯೂಟರುಗಳು ತಯಾರಾಗುತ್ತಿದ್ದುವು. ಅವೆಲ್ಲವನ್ನೂ ಪರಸ್ಪರ ಜೋಡಿಸಬೇಕು, ಹೊಸದಾಗಿ ಬಂದಿದ್ದ ಲೇಸರ್ ಮುದ್ರಣಯಂತ್ರಕ್ಕೂ ಜೋಡಿಸಬೇಕು. ಅಬ್ರಾಮ್‌ಸನ್ನರ ಬರಹವನ್ನು ಓದಿದ್ದ ಮೆಟ್‌ಕಾಫ್ 1973ರ ಮೇ 22ರಂದು ಒಂದು ಟಿಪ್ಪಣಿ ಬರೆದು, ಕಟ್ಟಡದ ಉದ್ದಕ್ಕೂ ಒಂದೇ ಕೇಬಲ್ಲನ್ನು ಎಳೆದು ಎಲ್ಲ ಯಂತ್ರಗಳನ್ನೂ ಅದಕ್ಕೇ ತಗುಲಿಸುವ ಯೋಜನೆಯನ್ನು ವಿವರಿಸಿದ. ಚಿಕ್ಕಂದಿನಿಂದ ರೇಡಿಯೋ ಹವ್ಯಾಸಿಯಾಗಿದ್ದ ಡೇವಿಡ್ ಬಾಗ್ಸ್ ಅವನ ಜೊತೆಗೂಡಿದ. ಆ ವರ್ಷ ಮುಗಿಯುವುದರೊಳಗೆ ಕೇಬಲ್ಲು ಮಾತಾಡಿತು. ಸೆಕೆಂಡಿಗೆ 29 ಲಕ್ಷಕ್ಕೂ ಮೀರಿದ ಬಿಟ್ಟುಗಳು ಅದರಲ್ಲಿ ಹರಿದುವು.

ಹೆಸರಿನಲ್ಲೂ ಒಂದು ಸ್ವಾರಸ್ಯವುಂಟು. ಬೆಳಕು ಶೂನ್ಯದಲ್ಲಿ ಹರಿಯುವುದಕ್ಕೆ ‘ಈಥರ್’ ಎಂಬ ಕಾಣದ ದ್ರವ್ಯವೊಂದು ಎಲ್ಲೆಡೆಯೂ ತುಂಬಿರಬೇಕೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕೆಲ್‌ಸನ್, ಮಾರ್ಲೆ ಎಂಬಿಬ್ಬರು ಅದನ್ನು ಪತ್ತೆಹಚ್ಚಲು ಸೂಕ್ಷ್ಮವಾದ ಪ್ರಯೋಗ ನಡೆಸಿ ಏನನ್ನೂ ಕಾಣದೆ ಹೋದರು. ಕ್ರಮೇಣ ಆ ನಂಬಿಕೆ ಬಿದ್ದುಹೋಯಿತು. ಇಲ್ಲದ ಆ ಆಕಾಶದ್ರವ್ಯದ ಹೆಸರನ್ನು ಮೆಟ್‌ಕಾಫ್ ತನ್ನ ಕೇಬಲ್ಲಿಗೆ ಇಟ್ಟ. ಅದೇ ‘ಈಥರ್‌ನೆಟ್’.

ಹವಾಯಿಯ ನಿಯಮಕ್ಕೆ ಇವರು ಎರಡು ಸಭ್ಯತೆಗಳನ್ನು ಸೇರಿಸಿದರು. ಮಾತಾಡುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕಿವಿಗೊಡಬೇಕು. ಮಾತಾಡುತ್ತಿರುವಾಗ ಇನ್ನೊಬ್ಬರ ಮಾತು ಬಂದು ಢಿಕ್ಕಿ ಹೊಡೆದರೆ ಇಬ್ಬರೂ ಆ ಕ್ಷಣವೇ ನಿಲ್ಲಿಸಿ, ಬೇರೆ ಬೇರೆ ಹೊತ್ತು ಕಾದು, ಮತ್ತೆ ಆರಂಭಿಸಬೇಕು. ನಮ್ಮ ಹರಟೆಕಟ್ಟೆಗಳಲ್ಲಿ ಈ ನಿಯಮವಿದ್ದಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದುವು!

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಳೆದುಹೋದದ್ದನ್ನು ಯಂತ್ರಗಳು ತಾವೇ ಮತ್ತೆ ಮತ್ತೆ ಕಳುಹಿಸುವುದರಿಂದ ಸಣ್ಣಪುಟ್ಟ ದೋಷಗಳು ಬಳಸುವವರ ಕಣ್ಣಿಗೆ ಬೀಳುವುದೇ ಇಲ್ಲ. ಇದು ಜಾಲದ ಗುಣ, ಅದರ ಅಪಾಯವೂ ಇದೇ. ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳಬಲ್ಲ ದೇಹವು ದೊಡ್ಡ ರೋಗವನ್ನೂ ಬಹಳ ದಿನ ಮುಚ್ಚಿಟ್ಟೀತು.

ಹಳದಿ ಹಗ್ಗ, ಕಪ್ಪು ದಾರ

1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಎಂಬ ಮೂರು ಕಂಪೆನಿಗಳು ಕೂಡಿ, ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳನ್ನು ಸಾಗಿಸತಕ್ಕ ಈಥರ್‌ನೆಟ್ಟಿನ ವಿವರಗಳನ್ನು ಪ್ರಕಟಿಸಿದುವು. 1983ರಲ್ಲಿ ಅದು ಎಂಜಿನಿಯರುಗಳ ಸಂಸ್ಥೆಯ ಅಂಗೀಕೃತ ಪ್ರಮಾಣವಾಯಿತು. ಕಿರುಬೆರಳಿನ ಗಾತ್ರದ, ಸಾಮಾನ್ಯವಾಗಿ ಹಳದಿ ಬಣ್ಣದ, ಬಾಗಿಸಿದರೆ ಬಾಗದ ಕೇಬಲ್ಲು. ಒಂದು ತುಂಡು 500 ಮೀಟರು ಉದ್ದ ಇರಬಹುದು. ಅದರ ಮೇಲೆ ಎರಡೂವರೆ ಮೀಟರಿಗೊಂದು ಗುರುತು. ಗುರುತಿದ್ದಲ್ಲಿ ಮೈಗೆ ತೂತು ಕೊರೆದು, ಒಳಗಿನ ತಾಮ್ರಕ್ಕೆ ತಾಗುವಂತೆ ಒಂದು ಮೊಳೆಯನ್ನು ಇಳಿಸಿ, ಕಂಪ್ಯೂಟರನ್ನು ಜೋಡಿಸಬೇಕು. ಈ ಹಲ್ಲಿನ ಜೋಡಣೆಗೆ ಕೆಲಸಗಾರರು ಇಟ್ಟ ಹೆಸರು ‘ವ್ಯಾಂಪೈರ್’, ಎಂದರೆ ರಕ್ತ ಹೀರುವ ಪಿಶಾಚಿ.

ಕೇಬಲ್ಲಿನ ಎರಡು ತುದಿಗಳಲ್ಲೂ 50 ಓಮ್ ಪ್ರತಿರೋಧದ ಬಿರಡೆಯೊಂದನ್ನು ತೊಡಿಸಬೇಕಾಗಿದ್ದಿತು. ತುದಿಗೆ ಬಂದ ವಿದ್ಯುತ್ಸಂಕೇತವನ್ನು ನುಂಗಿಬಿಡುವುದು ಅದರ ಕೆಲಸ. ಅದು ಕಳಚಿಬಿದ್ದರೆ ಸಂಕೇತವು ಗುಹೆಯಲ್ಲಿ ಕೂಗಿದ ಕೂಗಿನಂತೆ ಪ್ರತಿಧ್ವನಿಸಿ ಹಿಂದಕ್ಕೆ ಬಂದು, ಮುಂದಕ್ಕೆ ಹೋಗುತ್ತಿರುವ ಸಂಕೇತಕ್ಕೆ ಢಿಕ್ಕಿ ಹೊಡೆಯುತ್ತಿದ್ದಿತು. ಪ್ರತಿಯೊಂದು ಯಂತ್ರವೂ ‘ಯಾರೋ ಮಾತಾಡುತ್ತಿದ್ದಾರೆ’ ಎಂದು ಭ್ರಮಿಸಿ ಬಾಯಿ ಮುಚ್ಚಿಕೊಳ್ಳುತ್ತಿದ್ದಿತು. ಒಂದು ಬಿರಡೆಯ ದೆಸೆಯಿಂದ ಇಡೀ ಕಟ್ಟಡ ಮೌನ!

1980ರ ದಶಕದ ನಡುವಿನಲ್ಲಿ ಇದಕ್ಕಿಂತ ತೆಳ್ಳಗಿನ, ಅಗ್ಗದ ಕಪ್ಪು ಕೇಬಲ್ಲು ಬಂದಿತು. 185 ಮೀಟರು ಉದ್ದ, 30 ಯಂತ್ರಗಳು. ಇದು ಒಂದು ಕಂಪ್ಯೂಟರಿನ ಬೆನ್ನಿನಿಂದ ಮುಂದಿನದರ ಬೆನ್ನಿಗೆ, ಅಲ್ಲಿಂದ ಅದರ ಮುಂದಿನದಕ್ಕೆ, ಹೂಮಾಲೆಯಂತೆ ಸಾಗುತ್ತಿದ್ದಿತು. ಗಣೇಶನ ಪೆಂಡಾಲಿಗೆ ಕಟ್ಟುವ ಸೀರಿಯಲ್ ಸೆಟ್ಟಿನ ಕಷ್ಟ ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ. ಒಂದು ಬಲ್ಬು ಸಡಿಲವಾದರೆ ಸಾಲೇ ಕತ್ತಲೆ. ಯಾರೋ ಮೇಜನ್ನು ಸರಿಸಿದರು, ಯಾರದೋ ಕಾಲು ತಂತಿಗೆ ತಗುಲಿತು, ಕಸ ಗುಡಿಸುವಾಗ ಪೊರಕೆ ತಾಗಿತು. ಮೂವತ್ತು ಮಂದಿಯ ಕೆಲಸ ನಿಂತಿತು.

ಆಗ ಹುಟ್ಟಿದ್ದು ಅರ್ಧ ಮಾಡುವ ವಿದ್ಯೆ. ಸಾಲಿನ ನಡುವೆ ಕೇಬಲ್ಲನ್ನು ಬಿಡಿಸಿ, ಬಿಡಿಸಿದಲ್ಲಿ ಬಿರಡೆ ತೊಡಿಸಿ, ಯಾವ ಅರ್ಧ ಆರೋಗ್ಯವಾಗಿದೆಯೆಂದು ನೋಡುವುದು. ರೋಗವಿರುವ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಮೂವತ್ತು ಯಂತ್ರಗಳ ಸಾಲಿನಲ್ಲಿ ಐದು ಸಲ ಹೀಗೆ ಮಾಡಿದರೆ ಕಳ್ಳ ಸಿಕ್ಕಿಬೀಳಬೇಕು. ಒಂದೊಂದನ್ನೇ ತಡಕುತ್ತ ಹೋದರೆ ಮೂವತ್ತು ಸಲವಾದರೂ ಆದೀತು.

ಹಣವಿದ್ದ ಸಂಸ್ಥೆಗಳಲ್ಲಿ ಇನ್ನೊಂದು ಉಪಕರಣವೂ ಇದ್ದಿತು. ಅದು ಕೇಬಲ್ಲಿನೊಳಕ್ಕೆ ಒಂದು ಮಿಡಿತವನ್ನು ಕಳುಹಿಸಿ, ತುಂಡಾದ ಜಾಗದಿಂದ ಅದರ ಪ್ರತಿಧ್ವನಿ ಹಿಂದಿರುಗಲು ಹಿಡಿಯುವ ಕಾಲವನ್ನು ಅಳೆಯುತ್ತಿದ್ದಿತು. ಇಂಥ ಕೇಬಲ್ಲಿನಲ್ಲಿ ಸಂಕೇತವು ಬೆಳಕಿನ ವೇಗದ ಸುಮಾರು ಮೂರನೆಯ ಎರಡರಷ್ಟು ವೇಗದಲ್ಲಿ ಚಲಿಸುತ್ತದೆ. ಪ್ರತಿಧ್ವನಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಕಾಲದಲ್ಲಿ ಬಂದರೆ, ದೋಷ 100 ಮೀಟರು ದೂರದಲ್ಲಿದೆಯೆಂದು ಲೆಕ್ಕ. ಆದರೆ ಅಳೆಯುವ ಹೊತ್ತಿಗೆ ಸರಿಯಾಗಿದ್ದು, ಅಳೆಯುವವನು ಹೊರಟುಹೋದ ಮೇಲೆ ಕೆಡತಕ್ಕ ದೋಷಕ್ಕೆ ಇದೂ ನಿರುತ್ತರ. ವೈದ್ಯರ ಬಾಗಿಲಿಗೆ ಬಂದೊಡನೆ ಮಾಯವಾಗುವ ಹಲ್ಲುನೋವನ್ನು ಯಾರು ತಾನೆ ಪರೀಕ್ಷಿಸಿಯಾರು?

ಒಂದು ಸಂಜೆಯ ಕೆಲಸ

ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಕೊಟ್ಟವನು ಮೈಕ್ ಮೂಸ್. ಅಮೆರಿಕದ ಮೇರಿಲೆಂಡ್ ಪ್ರಾಂತದಲ್ಲಿ ಸೈನ್ಯಕ್ಕೆ ಸೇರಿದ ಒಂದು ಸಂಶೋಧನಾಲಯದಲ್ಲಿ ಆತನಿಗೆ ಕೆಲಸ. 1983ರ ಡಿಸೆಂಬರಿನಲ್ಲಿ ಅಲ್ಲಿನ ಜಾಲ ಏಕೋ ವಿಚಿತ್ರವಾಗಿ ವರ್ತಿಸತೊಡಗಿತು. ಎರಡು ವರ್ಷ ಮೊದಲು, 1981ರಲ್ಲಿ, ಜಾನ್ ಪೊಸ್ಟೆಲ್ ಬರೆದ ನಿಯಮಾವಳಿಯೊಂದರಲ್ಲಿ ಒಂದು ಸಣ್ಣ ಕಲಮು ಇದ್ದಿತು: ‘ಪ್ರತಿಧ್ವನಿ’ ಎಂದು ಕೇಳಿ ಯಾವ ಯಂತ್ರಕ್ಕೆ ಪ್ಯಾಕೆಟ್ಟು ಬಂದರೂ ಆ ಯಂತ್ರ ಅದನ್ನು ಹಾಗೆಯೇ ಹಿಂದಕ್ಕೆ ಕಳುಹಿಸಬೇಕು. ಇದನ್ನು ಕಾಲ ಅಳೆಯುವುದಕ್ಕೆ ಉಪಯೋಗಿಸಬಹುದೆಂದು ಡೇವಿಡ್ ಮಿಲ್ಸ್ ಎಂಬ ವಿಜ್ಞಾನಿ 1983ರಲ್ಲೇ ಒಂದು ಸಭೆಯಲ್ಲಿ ಹೇಳಿದ್ದರು. ಆ ಮಾತು ಮೂಸ್‌ಗೆ ನೆನಪಾಯಿತು. ಒಂದೇ ಸಂಜೆ ಕುಳಿತು, ಸುಮಾರು ಸಾವಿರ ಸಾಲುಗಳ ಪ್ರೋಗ್ರಾಮೊಂದನ್ನು ಬರೆದು ಮುಗಿಸಿದ. ನೀರೊಳಗಿನ ಹಡಗನ್ನು ಪತ್ತೆಹಚ್ಚುವುದಕ್ಕೆ ಕಳುಹಿಸುವ ಶಬ್ದದ ನೆನಪಿನಿಂದ ಅದಕ್ಕೆ ‘ಪಿಂಗ್’ ಎಂದು ಹೆಸರಿಟ್ಟ.

ಪಿಂಗ್ ಮಾಡುವುದು ಇಷ್ಟೇ. ಸೆಕೆಂಡಿಗೊಂದು ಸಲ, ಆ ಕಡೆಯ ಯಂತ್ರವನ್ನು ‘ಇದ್ದೀಯಾ?’ ಎಂದು ಕೇಳುತ್ತದೆ. ‘ಇದ್ದೇನೆ’ ಎಂದು ಉತ್ತರ ಬಂದರೆ, ಬರುವುದಕ್ಕೆ ಎಷ್ಟು ಹೊತ್ತಾಯಿತೆಂದು ಬರೆದಿಡುತ್ತದೆ. ಕೊನೆಯಲ್ಲಿ ನೂರು ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ಬರಲಿಲ್ಲವೆಂಬ ಲೆಕ್ಕ ಒಪ್ಪಿಸುತ್ತದೆ. ಬೇಸರವಿಲ್ಲದೆ, ದಿನವಿಡೀ ಬೇಕಾದರೂ ಕೇಳುತ್ತದೆ. ಬಂದುಹೋಗುವ ದೋಷವನ್ನು ಹಿಡಿಯಲು ಬೇಕಾದದ್ದು ಈ ತಾಳ್ಮೆಯೇ.

ಇದರಲ್ಲಿ ತಮಾಷೆಯ ಸಂಗತಿಯೆಂದರೆ, ಮೂಸ್ ಪ್ರೋಗ್ರಾಮನ್ನು ಬರೆದು ತಿದ್ದಿ ಸಿದ್ಧಪಡಿಸುವಷ್ಟರಲ್ಲಿ ಅಲ್ಲಿನ ಜಾಲದ ತೊಂದರೆ ಬೇರೆ ರೀತಿಯಲ್ಲಿ ಪರಿಹಾರವಾಗಿಬಿಟ್ಟಿತ್ತು. ಯಾವ ರೋಗಕ್ಕಾಗಿ ಔಷಧ ಅರೆದನೋ ಆ ರೋಗಿ ಎದ್ದು ನಡೆದುಹೋಗಿದ್ದ. ಔಷಧ ಮಾತ್ರ ಲೋಕದಲ್ಲಿ ಉಳಿಯಿತು. ಇಂದು ಹೆಚ್ಚುಕಡಮೆ ಎಲ್ಲ ಕಂಪ್ಯೂಟರುಗಳಲ್ಲೂ ಅದು ಉಂಟು.

ಮೂಸ್ ತಾನು ಕೇಳಿದ್ದರಲ್ಲೆಲ್ಲ ಬಹಳ ಮೆಚ್ಚಿದ ಕಥೆಯೊಂದನ್ನು ಬರೆದಿಟ್ಟಿದ್ದಾನೆ. ಯಾವುದೋ ಊರಿನಲ್ಲಿ ಒಬ್ಬ ಜಾಲಾಧಿಕಾರಿ. ಅವನ ಕಟ್ಟಡದ ಈಥರ್‌ನೆಟ್ ಆಗಾಗ ಕೈಕೊಡುತ್ತಿದ್ದಿತು. ಪರದೆಯ ಮುಂದೆ ಕುಳಿತರೆ ತಂತಿಯ ಬಳಿ ಇರಲಾಗದು, ತಂತಿಯ ಬಳಿ ಹೋದರೆ ಪರದೆ ಕಾಣದು. ಅವನು ಮಾಡಿದ್ದೇನು? ಪಿಂಗ್‌ಗೆ ಉತ್ತರ ಬಂದಾಗಲೆಲ್ಲ ಕಂಪ್ಯೂಟರು ‘ಪಿಂಗ್’ ಎಂದು ಬಾಯಿಬಿಟ್ಟು ಹೇಳುವಂತೆ ಏರ್ಪಡಿಸಿ, ಅದನ್ನು ಕೋಣೆಯ ಸ್ಟೀರಿಯೋಕ್ಕೆ ಜೋಡಿಸಿ, ಧ್ವನಿಯನ್ನು ಪೂರ್ತಿ ಏರಿಸಿಬಿಟ್ಟ. ಸೆಕೆಂಡಿಗೊಮ್ಮೆ ಕಟ್ಟಡವೆಲ್ಲ ಪಿಂಗ್, ಪಿಂಗ್ ಎಂದು ಮೊಳಗುತ್ತಿರಲು, ತಾನು ಕೋಣೆಯಿಂದ ಕೋಣೆಗೆ ನಡೆಯುತ್ತ ಒಂದೊಂದೇ ಜೋಡಣೆಯನ್ನು ಕೈಯಿಂದ ಅಲುಗಿಸುತ್ತ ಹೋದ. ಯಾವುದನ್ನು ಅಲುಗಿಸಿದಾಗ ಕೂಗು ನಿಂತಿತೋ ಅದೇ ಕಳ್ಳ!

ನಮ್ಮ ಕಚೇರಿಯ ಹುಡುಗ ಮಾಡಿದ್ದೂ ಇದನ್ನೇ. ಆ ಅಧಿಕಾರಿಯ ಕಥೆ ಅವನಿಗೆ ತಿಳಿದಿದ್ದಿತೋ ಇಲ್ಲವೋ ಕಾಣೆ; ತೆರೆದಿಟ್ಟ ಲ್ಯಾಪ್‌ಟಾಪಿನ ಮೇಲೆ ಒಂದು ಕಣ್ಣು, ತಂತಿಯ ಮೇಲೆ ಒಂದು ಕೈ ಇಟ್ಟುಕೊಂಡು ಕುಳಿತಿದ್ದ. ಮೂಸ್ 2000ದ ನವೆಂಬರಿನಲ್ಲಿ, ತನ್ನ 42ನೆಯ ವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನು ಕಲಿಸಿಕೊಟ್ಟ ಪ್ರಶ್ನೆ ನಮ್ಮ ಊರಿನ ಕಪಾಟಿನೊಳಗೆ ಈಗಲೂ ಕೇಳಿಬರುತ್ತಿದೆ.

ನಾನೂರು ಗಜದ ದೂರ

ಎಲ್ಲ ದೋಷಗಳೂ ತಂತಿಯಲ್ಲೇ ಇರುವುವೆಂದು ತಿಳಿದರೆ ಅದೂ ತಪ್ಪು. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ಊರಿನಲ್ಲಿ ನಡೆದ ಸಂಗತಿ ಇದಕ್ಕೆ ಸಾಕ್ಷಿ. ಅಲ್ಲಿ ವಿಶ್ವವಿದ್ಯಾನಿಲಯಕ್ಕೂ ಅದರ ಮೇಲಿನ ಗುಡ್ಡದಲ್ಲಿರುವ ಲಾರೆನ್ಸ್ ಪ್ರಯೋಗಾಲಯಕ್ಕೂ ಇರುವ ದೂರ 400 ಗಜ. ಎರಡರ ನಡುವಣ ಸಂಪರ್ಕದಲ್ಲಿ ಸೆಕೆಂಡಿಗೆ 32,000 ಬಿಟ್ಟುಗಳು ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ 40ಕ್ಕೆ ಇಳಿಯಿತು. ನಲವತ್ತು ಬಿಟ್ಟು ಎಂದರೆ ಸೆಕೆಂಡಿಗೆ ಐದು ಅಕ್ಷರ. ಕಾಗದದ ಕಟ್ಟನ್ನು ಕೈಯಲ್ಲಿ ಹಿಡಿದು ಗುಡ್ಡ ಹತ್ತುವುದೇ ಲೇಸೆನ್ನಿಸುವಂತಾಯಿತು.

ವ್ಯಾನ್ ಜೇಕಬ್‌ಸನ್, ಮೈಕೆಲ್ ಕ್ಯಾರೆಲ್ಸ್ ಎಂಬಿಬ್ಬರು ಇದರ ಬೆನ್ನು ಹತ್ತಿದರು. ತಂತಿ ತುಂಡಾಗಿರಲಿಲ್ಲ, ಯಂತ್ರಗಳು ಕೆಟ್ಟಿರಲಿಲ್ಲ. ರೋಗ ಯಂತ್ರಗಳ ನಡತೆಯಲ್ಲಿದ್ದಿತು. ಉತ್ತರ ಬರುವುದು ಸ್ವಲ್ಪ ತಡವಾದರೆ ಪ್ರತಿಯೊಂದು ಯಂತ್ರವೂ ‘ಕಳೆದುಹೋಯಿತು’ ಎಂದು ಭಾವಿಸಿ ಮತ್ತೆ ಕಳುಹಿಸುತ್ತಿದ್ದಿತು. ಮತ್ತೆ ಕಳುಹಿಸಿದ್ದರಿಂದ ದಾರಿಯ ಸಂದಣಿ ಇನ್ನೂ ಹೆಚ್ಚಿ, ಉತ್ತರ ಇನ್ನೂ ತಡವಾಗಿ, ಇನ್ನಷ್ಟು ಯಂತ್ರಗಳು ಇನ್ನಷ್ಟು ಸಲ ಕಳುಹಿಸುತ್ತಿದ್ದುವು. ಬಸ್ಸಿನ ಬಾಗಿಲಲ್ಲಿ ಎಲ್ಲರೂ ನುಗ್ಗಿ ಯಾರೂ ಹತ್ತಲಾರದಂತಾಗುವುದನ್ನು ನಾವು ನಿತ್ಯವೂ ಕಾಣುವುದಿಲ್ಲವೇ? ಇಂಥ ಕುಸಿತ ಬಂದೀತೆಂದು ಜಾನ್ ನೇಗಲ್ ಎಂಬ ಎಂಜಿನಿಯರು 1984ರಲ್ಲೇ ಎಚ್ಚರಿಸಿದ್ದರು. ‘ಮತ್ತೆ ಹೇಳು’ ಎಂಬ ಹವಾಯಿಯ ಪಾಠವನ್ನು ಎಲ್ಲರೂ ಕಲಿತಿದ್ದರು, ‘ಕಾದು ಹೇಳು’ ಎಂಬ ಅದರ ಉತ್ತರಾರ್ಧವನ್ನು ಸರಿಯಾಗಿ ಕಲಿತಿರಲಿಲ್ಲ.

ಜೇಕಬ್‌ಸನ್ನರ ಪರಿಹಾರ 1988ರಲ್ಲಿ ಲೇಖನವಾಗಿ ಪ್ರಕಟವಾಯಿತು. ಹೊಸ ಮಾತುಕತೆಯನ್ನು ಮೆಲ್ಲಗೆ ಆರಂಭಿಸು. ಉತ್ತರಗಳು ಬಂದಂತೆ ವೇಗ ಹೆಚ್ಚಿಸು. ಒಂದು ಪ್ಯಾಕೆಟ್ಟು ಕಳೆದುಹೋದರೂ ಅದನ್ನು ಸಂದಣಿಯ ಗುರುತೆಂದು ತಿಳಿದು ತಟ್ಟನೆ ನಿಧಾನಿಸು. ಇಂಟರ್ನೆಟ್ಟು ಅಂದು ಉಳಿದುಕೊಂಡದ್ದು ಈ ಸಂಯಮದಿಂದ. ಅದೇ ವರ್ಷದ ಕೊನೆಯಲ್ಲಿ ಅವರು ಪಿಂಗ್‌ಗೆ ತಮ್ಮನಂತಿರುವ ‘ಟ್ರೇಸ್‌ರೂಟ್’ ಎಂಬ ಉಪಕರಣವನ್ನೂ ಹೊರತಂದರು. ಆ ಕಡೆಯವರು ಇದ್ದಾರೆಯೇ ಎಂದು ಪಿಂಗ್ ಕೇಳಿದರೆ, ಇದು ದಾರಿಯಲ್ಲಿ ಸಿಕ್ಕುವ ಪ್ರತಿಯೊಂದು ಕಟ್ಟೆಯ ಹೆಸರನ್ನೂ ಕ್ರಮವಾಗಿ ಹೇಳಿ, ಎಲ್ಲಿಯವರೆಗೆ ದಾರಿ ಸರಿಯಾಗಿದೆಯೆಂದು ತೋರಿಸುತ್ತದೆ.

ನಮ್ಮ ದೇಶಕ್ಕೂ ಈ ವಿದ್ಯೆ ಬರತೊಡಗಿದ್ದು ಅದೇ ಕಾಲಕ್ಕೆ. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಎರ್ನೆಟ್’ ಎಂಬ ಜಾಲವನ್ನು ಆರಂಭಿಸಿದಾಗ ಅದರಲ್ಲಿ ಸೇರಿದ್ದ ಬೆರಳೆಣಿಕೆಯ ಸಂಸ್ಥೆಗಳಲ್ಲಿ, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು.

ದೀಪ ಉರಿದರೂ ಸಾಲದು

1990ರಲ್ಲಿ ಹೂಮಾಲೆಯ ಕಾಟ ತಪ್ಪಿಸುವ ಹೊಸ ಪದ್ಧತಿ ಅಂಗೀಕಾರವಾಯಿತು. ಟೆಲಿಫೋನ್ ತಂತಿಯಂತೆ ಜೋಡಿ ಜೋಡಿಯಾಗಿ ಹೊಸೆದ ತೆಳುತಂತಿ. ಪ್ರತಿಯೊಂದು ಕಂಪ್ಯೂಟರಿಗೂ ನಡುವಿನ ಒಂದು ಪೆಟ್ಟಿಗೆಯಿಂದ ಬೇರೆ ಬೇರೆ ಎಳೆ, ಎಳೆಯೊಂದಕ್ಕೆ 100 ಮೀಟರಿನ ಮಿತಿ. ಒಂದು ಎಳೆ ಕಡಿದರೆ ಒಂದೇ ಯಂತ್ರಕ್ಕೆ ನಷ್ಟ. ಸಂಪರ್ಕ ಸರಿಯಾಗಿದ್ದರೆ ಪೆಟ್ಟಿಗೆಯ ಮೇಲೆ ಪುಟ್ಟ ದೀಪವೊಂದು ಉರಿಯುತ್ತದೆ. ಅಂತೂ ಕಷ್ಟಕಾಲ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಎಲ್ಲರೂ ಹುಡುಕಿಕೊಂಡು ಹೋಗುವುದು ಸರ್ವರನ್ನೇ ಆದ್ದರಿಂದ, ಸರ್ವರಿನ ಆ ಒಂದು ಎಳೆ ಈಗಲೂ ಎಲ್ಲರ ಎಳೆಯೇ.

ಹೊಸ ಕಾಲಕ್ಕೆ ಹೊಸ ಕಾಯಿಲೆಯೂ ಬಂದಿತು. ಒಂದೇ ಕೇಬಲ್ಲಿನ ಕಾಲದಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕಾಗಿತ್ತಷ್ಟೆ. ಹೊಸ ತಂತಿಯಲ್ಲಿ ಹೋಗುವ ಮಾತಿಗೂ ಬರುವ ಮಾತಿಗೂ ಬೇರೆ ಬೇರೆ ಜೋಡಿಗಳಿದ್ದುದರಿಂದ ಎರಡೂ ಕಡೆಯವರು ಒಟ್ಟಿಗೆ ಮಾತಾಡುವುದು ಸಾಧ್ಯವಾಯಿತು. ಯಾವ ಪದ್ಧತಿಯನ್ನು ಅನುಸರಿಸಬೇಕು, ಎಷ್ಟು ವೇಗದಲ್ಲಿ, ಎಂಬುದನ್ನು ಎರಡು ತುದಿಗಳೂ ತಾವೇ ಮಾತಾಡಿ ತೀರ್ಮಾನಿಸುವ ಕ್ರಮ 1995ರಲ್ಲಿ ಪ್ರಮಾಣಕ್ಕೆ ಸೇರಿತು. ಆದರೆ ಯಂತ್ರದ ತೀರ್ಮಾನವನ್ನು ನಂಬದ ಜಾಗರೂಕರು ಒಂದು ತುದಿಗೆ ಮಾತ್ರ ‘ಇಬ್ಬರೂ ಒಟ್ಟಿಗೆ ಮಾತಾಡತಕ್ಕದ್ದು’ ಎಂದು ಕೈಯಾರೆ ಅಪ್ಪಣೆ ಕೊಟ್ಟು ಕಟ್ಟಿಹಾಕಿದರು. ಆಗ ಆ ತುದಿ ಸಂಧಾನಕ್ಕೆ ಬರುವುದೇ ಇಲ್ಲ. ಇತ್ತಲ ತುದಿ ಅದರ ವೇಗವನ್ನು ಊಹಿಸಬಲ್ಲದೇ ಹೊರತು ಪದ್ಧತಿಯನ್ನು ಊಹಿಸಲಾರದು. ನಿಯಮದಂತೆ ಅದು ಹಳೆಯ ಪದ್ಧತಿಯನ್ನೇ ಹಿಡಿಯುತ್ತದೆ. ಒಬ್ಬನು ನಿಲ್ಲಿಸದೆ ಮಾತಾಡುತ್ತಾನೆ, ಇನ್ನೊಬ್ಬನು ಎದುರಿನವನು ಬಾಯಿ ತೆರೆದಾಗಲೆಲ್ಲ ‘ಢಿಕ್ಕಿಯಾಯಿತು’ ಎಂದು ತನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ.

ಈ ಕಾಯಿಲೆಯ ಲಕ್ಷಣ ಬಹು ಮೋಸದ್ದು. ದೀಪ ಉರಿಯುತ್ತಿರುತ್ತದೆ. ಪಿಂಗ್ ಮಾಡಿದರೆ ಬಹುಪಾಲು ಉತ್ತರ ಬರುತ್ತದೆ, ಏಕೆಂದರೆ ಸೆಕೆಂಡಿಗೊಂದು ಪುಟ್ಟ ಪ್ರಶ್ನೆಗೆ ಢಿಕ್ಕಿಯ ಭಯ ಕಡಮೆ. ದೊಡ್ಡದೊಂದು ಕಡತವನ್ನು ಸಾಗಿಸ ಹೊರಟಾಗ ಮಾತ್ರ ಎಲ್ಲವೂ ಆಮೆಯ ನಡಿಗೆ. ‘ಇದ್ದೀಯಾ?’ ಎಂದು ಕೇಳಿದರೆ ‘ಇದ್ದೇನೆ’ ಎನ್ನುವವರೆಲ್ಲ ಆರೋಗ್ಯವಾಗಿದ್ದಾರೆಂದು ಹೇಳಬರುವುದಿಲ್ಲ ಎಂಬ ಲೋಕದ ಅನುಭವ ತಂತಿಗೂ ಅನ್ವಯಿಸುತ್ತದೆ.

ಇಂಥಲ್ಲಿ ನೋಡಬೇಕಾದದ್ದು ಯಂತ್ರದ ಲೆಕ್ಕದ ಪುಸ್ತಕ. ಈಥರ್‌ನೆಟ್ಟಿನಲ್ಲಿ ಹೋಗುವ ಪ್ರತಿಯೊಂದು ಕಂತಿನ ಕೊನೆಯಲ್ಲಿಯೂ ನಾಲ್ಕು ಬೈಟುಗಳ ತಾಳೆಸಂಖ್ಯೆಯೊಂದಿರುತ್ತದೆ. ತಲುಪಿದ ಕಡೆ ಲೆಕ್ಕ ಹಾಕಿದಾಗ ತಾಳೆಯಾಗದಿದ್ದರೆ ಆ ಕಂತನ್ನು ಎಸೆದು, ಎಸೆದದ್ದನ್ನು ಯಂತ್ರವು ಎಣಿಸಿಡುತ್ತದೆ. ಢಿಕ್ಕಿಗಳನ್ನೂ ಎಣಿಸಿಡುತ್ತದೆ. ಸ್ವಿಚ್ ಪೆಟ್ಟಿಗೆಯಲ್ಲಿಯೂ ಸರ್ವರಿನಲ್ಲಿಯೂ ಈ ಎಣಿಕೆಗಳು ಯಾರೂ ಕೇಳದೆ ಕುಳಿತಿರುತ್ತವೆ. 1999ರಲ್ಲಿ ಬಂದ, ಸೆಕೆಂಡಿಗೆ ನೂರು ಕೋಟಿ ಬಿಟ್ಟುಗಳ ತಾಮ್ರದ ತಂತಿಯಲ್ಲಿ ಎರಡು ತುದಿಗಳ ಸಂಧಾನವೇ ಕಡ್ಡಾಯವಾದ್ದರಿಂದ ಆ ಹಳೆಯ ಮನಸ್ತಾಪ ಬಹುಮಟ್ಟಿಗೆ ತಗ್ಗಿತು. ಆದರೆ ಅದಕ್ಕೆ ನಾಲ್ಕು ಜೋಡಿ ಎಳೆಗಳೂ ಸರಿಯಾಗಿರಬೇಕು. ಅದರ ಹತ್ತನೆಯ ಒಂದು ವೇಗಕ್ಕಾದರೆ ಎರಡು ಜೋಡಿ ಸಾಕು. ಚೆನ್ನಾಗಿ ಓಡುತ್ತಿದ್ದ ಸರ್ವರ್ ಒಂದು ದಿನ ಹತ್ತನೆಯ ಒಂದು ವೇಗಕ್ಕೆ ಇಳಿದಿದ್ದರೆ, ಪ್ಲಗ್ಗಿನಲ್ಲೋ ತಂತಿಯಲ್ಲೋ ಒಂದು ಜೋಡಿ ಸೋತಿದೆಯೇ ಎಂದು ಮೊದಲು ನೋಡುವುದು ಒಳ್ಳೆಯದು.

ಈ ಐವತ್ತು ವರ್ಷಗಳ ಅನುಭವವನ್ನು ಒಟ್ಟುಗೂಡಿಸಿದರೆ ಉಳಿಯುವುದು ಕೆಲವೇ ಮಾತುಗಳು. ಹತ್ತಿರದ್ದನ್ನು ಮೊದಲು ನೋಡು, ದೂರದ್ದನ್ನು ಆಮೇಲೆ. ಅರ್ಧ ಮಾಡು. ಒಂದು ಸಲಕ್ಕೆ ಒಂದನ್ನೇ ಬದಲಿಸು. ಎರಡನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ದೀಪವನ್ನು ನಂಬಿ ಕೂರಬೇಡ, ಎಣಿಸು. ಉತ್ತರ ಬಾರದಾಗ ತಾಳ್ಮೆಯಿಂದ ಮತ್ತೆ ಕೇಳು. ‘ಸರ್ವರ್ ಡೌನ್’ ಎಂಬ ಮಾತಿನಿಂದ ಆಗುವ ಕೇಡೆಂದರೆ, ಅದು ಕೇಳುವುದನ್ನೇ ನಿಲ್ಲಿಸಿಬಿಡುತ್ತದೆ. ಹೇಳಿದವರ ಹೊಣೆ ಮುಗಿಯಿತು, ಕೇಳಿದವರ ದಾರಿ ಮುಗಿಯಿತು. ಮೂಸ್, ಜೇಕಬ್‌ಸನ್ ಮೊದಲಾದವರು ಆ ಮಾತನ್ನು ಒಪ್ಪಿ ಎದ್ದುಹೋಗಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ.

ಆ ದಿನ ಅಜ್ಜಿಯೂ ಬಂದಿದ್ದರು. ಹುಡುಗ ಹೊಸ ತಂತಿ ಹಾಕಿ, ಕಪಾಟಿನ ಬಾಗಿಲನ್ನು ಹತ್ತಾರು ಸಲ ತೆಗೆದು ಹಾಕಿ ಪರೀಕ್ಷಿಸಿದ ಮೇಲೆ ಅವರು ಬೆರಳೊತ್ತಿದರು. ಚಕ್ರ ಒಂದೆರಡು ಸುತ್ತು ತಿರುಗಿ ನಿಂತಿತು. ಅಜ್ಜಿ ಬದುಕಿರುವುದು ಸರ್ಕಾರಕ್ಕೆ ಗೊತ್ತಾಯಿತು.

ಹೊರಡುವ ಮುಂಚೆ ಹುಡುಗ ಹಳೆಯ ನೀಲಿ ತಂತಿಯನ್ನು ಎತ್ತಿಕೊಂಡು ಅದರ ಎರಡು ತುದಿಯ ಪ್ಲಗ್ಗುಗಳನ್ನೂ ಕತ್ತರಿಸಿದ. “ಇಷ್ಟುದ್ದ ತಂತಿ, ಇಟ್ಟುಕೊಂಡಿದ್ದರೆ ಯಾವುದಕ್ಕಾದರೂ ಆಗ್ತಿತ್ತಲ್ಲಪ್ಪ” ಎಂದೆ.

“ಅದಕ್ಕೇ ಸಾರ್ ಕತ್ತರಿಸಿದ್ದು” ಎಂದ ಹುಡುಗ. “ಇಟ್ಟರೆ ಯಾರಾದರೂ ಮತ್ತೆ ಹಾಕ್ತಾರೆ.”